ಕಥಾಲೋಕದ ಪ್ರಜೆಗಳು



ಈ ದತ್ತಿಯ ಉಪನ್ಯಾಸಕ್ಕೆ ನನ್ನನ್ನು ಬರಮಾಡಿಕೊಂಡವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುದರಿಂದ, ಕಳೆದ ಅರವತ್ತು ವರ್ಷಗಳಲ್ಲಿ ಅಮೆರಿಕದ ಸಾಹಿತ್ಯಲೋಕವನ್ನು ಮತ್ತೆ ಮತ್ತೆ ಕಲಕಿದ, ನಮಗೂ ಹೊರಗಿನದಲ್ಲದ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಒಂದು ನಾಡಿನಲ್ಲಿ ಬಾಳುವ ಜನರೆಲ್ಲರೂ ಆ ನಾಡಿನ ಕಥೆ ಕಾದಂಬರಿಗಳಲ್ಲಿಯೂ ಬಾಳುತ್ತಿದ್ದಾರೆಯೇ, ಇಲ್ಲವಾದರೆ ಅದಕ್ಕೆ ಗ್ರಂಥಕರ್ತನು ಹೊಣೆಗಾರನೇ ಎಂಬುದು ಆ ಪ್ರಶ್ನೆ. ಓದುಗರೂ ವಿಮರ್ಶಕರೂ ಇದನ್ನು ಬಾಯಿಬಿಟ್ಟು ಕೇಳಿದಾಗ ಲೇಖಕರಲ್ಲಿ ಕೆಲವರು ನೊಂದರು, ಕೆಲವರು ಕನಲಿದರು, ಕೆಲವರು ಪ್ರಬಂಧಗಳನ್ನು ಬರೆದು ವಾದಿಸಿದರು, ಕೆಲವರು ಮಾತ್ರ ತಮ್ಮ ಮೇಜಿಗೆ ಹಿಂದಿರುಗಿ, ತಾವು ಇದುವರೆಗೆ ಯಾರ ಕಣ್ಣಿನಿಂದ ಲೋಕವನ್ನು ನೋಡುತ್ತಿದ್ದೆವೆಂದು ಪರೀಕ್ಷಿಸಿಕೊಂಡು, ಮುಂದಿನ ಪುಸ್ತಕವನ್ನು ಬೇರೊಂದು ಕಣ್ಣಿನಿಂದ ಬರೆದರು. ಈ ಕಡೆಯವರ ಉತ್ತರವೇ ಗಟ್ಟಿಯಾದ ಉತ್ತರವೆಂಬುದು ನನ್ನ ನಂಬಿಕೆ. ಅದನ್ನು ಕೆಲವು ದೃಷ್ಟಾಂತಗಳ ಮೂಲಕ ತಮ್ಮ ಮುಂದಿಡುತ್ತೇನೆ.

ಮೊದಲು ಆ ಕರೆಯ ಸ್ವರೂಪವನ್ನು ತಿಳಿಯೋಣ. 1965ರ ಸೆಪ್ಟೆಂಬರಿನಲ್ಲಿ 'ಸ್ಯಾಟರ್ಡೇ ರಿವ್ಯೂ' ಎಂಬ ವಾರಪತ್ರಿಕೆಯಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ ಒಂದು ಲೇಖನವನ್ನು ಪ್ರಕಟಿಸಿದರು. ನ್ಯೂಯಾರ್ಕಿನ ಶಿಶುವಿಹಾರವೊಂದರಲ್ಲಿ ಚಿತ್ರಪುಸ್ತಕವನ್ನು ನೋಡುತ್ತಿದ್ದ ಐದು ವರ್ಷದ ಕಪ್ಪು ಹುಡುಗಿಯೊಬ್ಬಳು, ಇದರಲ್ಲಿರುವವರೆಲ್ಲ ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಕೇಳಿದಳಂತೆ. ಲ್ಯಾರಿಕ್ ಅವರು ಅದನ್ನು ಕೇಳಿ ಮರುಗಿ ಸುಮ್ಮನಾಗಲಿಲ್ಲ, ಎಣಿಸತೊಡಗಿದರು. 1962ರಿಂದ 1964ರ ವರೆಗೆ ಪ್ರಕಟವಾದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ಮನುಷ್ಯನಿದ್ದ ಪುಸ್ತಕಗಳು 349, ಅಂದರೆ ನೂರಕ್ಕೆ 6.7. ಅವುಗಳಲ್ಲಿಯೂ ಬಹುಪಾಲು ಹೊರದೇಶಗಳವು ಇಲ್ಲವೇ ಹಳೆಯ ಕಾಲದವು. ಅಂದಿನ ಅಮೆರಿಕದಲ್ಲಿ ಬಾಳುತ್ತಿದ್ದ ಕಪ್ಪು ಜನರ ಕಥೆಯುಳ್ಳವು ನೂರಕ್ಕೆ ಒಂದರಷ್ಟೂ ಇರಲಿಲ್ಲ.

ಇಲ್ಲಿಯೇ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಕೃತಿಯಲ್ಲಿ ಮನುಷ್ಯನಿದ್ದರೆ ಸಾಲದೇ, ಅವನ ಮೈಬಣ್ಣವನ್ನೋ ಕುಲವನ್ನೋ ಲೆಕ್ಕ ಹಾಕುವುದು ಜನಗಣತಿಯವರ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಅವರು ಕೇಳುವುದು ಸಾಹಿತ್ಯದ ಮೇಲಣ ಪ್ರೀತಿಯಿಂದಲೇ. ಭಟ್ಟನಾಯಕನ ಸಾಧಾರಣೀಕರಣದ ತತ್ತ್ವವನ್ನು ಓದಿಕೊಂಡ ನಮಗಂತೂ ಈ ಆಕ್ಷೇಪ ಸಹಜವಾಗಿಯೇ ಹಿಡಿಸುತ್ತದೆ: ರಾಮನ ದುಃಖವು ರಾಮನದೆಂಬ ವಿಶೇಷವನ್ನು ಕಳೆದುಕೊಂಡು ಸಹೃದಯರೆಲ್ಲರದೂ ಆದಾಗಲೇ ಅಲ್ಲವೇ ಅದು ಕರುಣರಸವೆನಿಸುವುದು? ಒಪ್ಪಿದೆ. ಆದರೆ ಆ ವ್ಯಾಪಾರಕ್ಕೆ ಒಳಗಾಗಬೇಕಾದರೆ ವಿಭಾವವೊಂದು ಮೊದಲು ರಂಗದ ಮೇಲೆ ಕಾಣಿಸಿಕೊಳ್ಳಬೇಕಷ್ಟೆ. ರಂಗಕ್ಕೆ ಎಂದೂ ಬಾರದವನ ಶೋಕವು ಸಾಧಾರಣವಾಗುವುದೆಂತು? ಮತ್ತೊಬ್ಬರ ದುಃಖದಲ್ಲಿ ತನ್ನದನ್ನು ಕಾಣಬೇಕೆಂಬ ಈ ಸಂಸ್ಕಾರವನ್ನು ಒಂದು ಜನವರ್ಗದಿಂದ ಮಾತ್ರ ತಲೆಮಾರುಗಳ ಕಾಲ ನಿರೀಕ್ಷಿಸಿ, ಇನ್ನೊಂದು ವರ್ಗದಿಂದ ಅದನ್ನು ಎಂದೂ ಕೇಳದೆ ಬಿಟ್ಟುದರಲ್ಲಿ ಅನ್ಯಾಯವಿದೆಯೆಂಬುದಷ್ಟೇ ಆ ಹುಡುಗಿಯ ಪ್ರಶ್ನೆಯ ತಾತ್ಪರ್ಯ.

ಲ್ಯಾರಿಕ್ ಅವರ ಲೇಖನದಿಂದ ಮೊದಲು ನೊಂದವನು, ವಿಚಿತ್ರವೆಂದರೆ, ಆ ಕರೆಗೆ ಮುಂಚೆಯೇ ಓಗೊಟ್ಟಿದ್ದವನು. ಎಜ್ರಾ ಜ್ಯಾಕ್ ಕೀಟ್ಸ್ ಪೋಲೆಂಡಿನಿಂದ ವಲಸೆ ಬಂದ ಬಡ ಯೆಹೂದಿ ದಂಪತಿಗಳ ಮಗ, ಬ್ರೂಕ್ಲಿನ್ನಿನಲ್ಲಿ ಬೆಳೆದ ಚಿತ್ರಕಾರ. 1940ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅಚ್ಚಾಗಿದ್ದ, ರಕ್ತಪರೀಕ್ಷೆಗೆ ನಿಂತ ಕಪ್ಪು ಬಾಲಕನೊಬ್ಬನ ನಾಲ್ಕಾರು ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಂಡು, ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಜೋಪಾನ ಮಾಡಿ, ಕೊನೆಗೆ ಆ ಮುಖಕ್ಕೆ ಕೆಂಪು ಕುಲಾವಿಯ ಅಂಗಿಯೊಂದನ್ನು ತೊಡಿಸಿ ಹಿಮದಲ್ಲಿ ಆಡಲು ಬಿಟ್ಟನು. ಅದೇ 1962ರ 'ದಿ ಸ್ನೋಯಿ ಡೇ'. ಮರುವರ್ಷ ಅದಕ್ಕೆ ಕಾಲ್ಡೆಕಾಟ್ ಪದಕ ದೊರೆಯಿತು. ಲ್ಯಾರಿಕ್ ಆ ಪುಸ್ತಕವನ್ನೂ ಬಿಡದೆ, ಬಾಲಕನ ತಾಯಿಯನ್ನು ಢಾಳಾದ ಹಳದಿ ಚೌಕುಳಿಯ ಉಡುಪಿನ ದಪ್ಪ ಹೆಂಗಸಾಗಿ ಬರೆದುದು ಹಳೆಯ ಪಡಿಯಚ್ಚನ್ನೇ ನೆನಪಿಸುತ್ತದೆಂದೂ, ಹುಡುಗ ಕಪ್ಪುವರ್ಣದವನೆಂದು ಪಠ್ಯದಲ್ಲಿ ಎಲ್ಲಿಯೂ ಹೇಳಿಲ್ಲವೆಂದೂ ಎತ್ತಿ ತೋರಿಸಿದರು. ಕೀಟ್ಸ್ ಅದೇ ಪತ್ರಿಕೆಗೆ ಕಾಗದ ಬರೆದು, ಚಿತ್ರವೇ ಕಾಣಿಸುತ್ತಿರುವುದನ್ನು ಮಾತಿನಲ್ಲಿಯೂ ಸಾರಬೇಕೇ ಎಂದು ಪ್ರತಿಭಟಿಸಿದನು. ಆ ಪ್ರತಿಭಟನೆಯಲ್ಲಿ ನ್ಯಾಯವಿತ್ತೆಂದೇ ನನ್ನ ಭಾವನೆ: ಹಿಮ ಬಿದ್ದ ಬೆಳಗಿನ ಸಂತೋಷಕ್ಕೆ ತನ್ನ ಬಣ್ಣದ ಕಾರಣವನ್ನು ನಿವೇದಿಸಿಕೊಳ್ಳದೆಯೇ ಆ ಬಾಲಕನು ಅರ್ಹನಾಗಿದ್ದನೆಂಬುದೇ ಆ ಪುಸ್ತಕದ ಹಿರಿಮೆ. ಆದರೆ ಕೀಟ್ಸನ ಮೇಲ್ಮೆ ಇರುವುದು ಆ ಕಾಗದಕ್ಕಿಂತ ಹೆಚ್ಚಾಗಿ, ನೋವನ್ನು ನುಂಗಿಕೊಂಡು ಅವನು ಪೀಟರ್ ಎಂಬ ಆ ಬಾಲಕನನ್ನು ಮುಂದಿನ ಪುಸ್ತಕಗಳಲ್ಲಿ ಬೆಳೆಸಿದುದರಲ್ಲಿ. 1967ರ 'ಪೀಟರ್ಸ್ ಚೇರ್' ಪುಸ್ತಕದಲ್ಲಿ ಅವನಿಗೆ ತಂದೆಯಿದ್ದಾನೆ, ತೊಟ್ಟಿಲಲ್ಲಿ ತಂಗಿಯಿದ್ದಾಳೆ, ತನ್ನ ಪುಟ್ಟ ಕುರ್ಚಿ ಅವಳ ಪಾಲಾಗುವುದೆಂಬ ಹೊಟ್ಟೆಯುರಿಯೂ ಇದೆ.

ಇದಕ್ಕೆ ತೀರ ಭಿನ್ನವಾದುದು ವಿಲಿಯಂ ಸ್ಟೈರನ್ನನ ಕಥೆ. ವರ್ಜೀನಿಯಾದಲ್ಲಿ ಹುಟ್ಟಿದ ಈ ಬಿಳಿಯ ಕಾದಂಬರಿಕಾರನ ಅಜ್ಜಿ, ತನ್ನ ಬಾಲ್ಯದಲ್ಲಿ, ಗುಲಾಮ ಹುಡುಗಿಯರ ಒಡತಿಯಾಗಿದ್ದವಳು. 1831ರ ಆಗಸ್ಟಿನಲ್ಲಿ ಅದೇ ವರ್ಜೀನಿಯಾದ ಸೌತಾಂಪ್ಟನ್ ಸೀಮೆಯಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನು ದಂಗೆಯೆಬ್ಬಿಸಿ, ಐವತ್ತಕ್ಕೂ ಮಿಕ್ಕ ಬಿಳಿಯರ ಸಾವಿಗೆ ಕಾರಣನಾಗಿ, ಕೊನೆಗೆ ಗಲ್ಲಿಗೇರಿದ ವೃತ್ತಾಂತವು ಸ್ಟೈರನ್ನನನ್ನು ಬಹುಕಾಲ ಕಾಡಿತ್ತು. 1960ರ ಕೊನೆಯಿಂದ ಕೆಲವು ತಿಂಗಳು ಕನೆಟಿಕಟ್ಟಿನ ಅವನ ಮನೆಯ ಅತಿಥಿಗೃಹದಲ್ಲಿ ಉಳಿದಿದ್ದ ಜೇಮ್ಸ್ ಬಾಲ್ಡ್‌ವಿನ್, ಗುಲಾಮನೊಬ್ಬನ ಮೊಮ್ಮಗ, ಈ ಸಾಹಸಕ್ಕೆ ಕೈಹಾಕೆಂದು ಅವನನ್ನು ಹುರಿದುಂಬಿಸಿದನು. ಗುಲಾಮನ ಮೊಮ್ಮಗನೂ ಗುಲಾಮರ ಒಡತಿಯ ಮೊಮ್ಮಗನೂ ಚಳಿಗಾಲದ ರಾತ್ರಿಗಳಲ್ಲಿ ಒಟ್ಟಿಗೆ ಕುಳಿತು ಮಾತನಾಡಿದ ಆ ಸನ್ನಿವೇಶವು ಸ್ವತಃ ಒಂದು ಕಾದಂಬರಿಗೆ ತಕ್ಕ ವಸ್ತು. 1967ರಲ್ಲಿ ಹೊರಬಂದ 'ದಿ ಕನ್ಫೆಷನ್ಸ್ ಆಫ್ ನ್ಯಾಟ್ ಟರ್ನರ್' ನ್ಯಾಟನ ಬಾಯಿಂದಲೇ, ಉತ್ತಮಪುರುಷದಲ್ಲಿ, ಹೊರಡುವ ಕಥನ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. ಅದೇ ವರ್ಷ ಜಾನ್ ಹೆನ್ರಿಕ್ ಕ್ಲಾರ್ಕ್ ಅವರ ಸಂಪಾದಕತ್ವದಲ್ಲಿ ಹತ್ತು ಮಂದಿ ಕಪ್ಪು ಲೇಖಕರ ಪ್ರತ್ಯುತ್ತರವೂ ಪುಸ್ತಕರೂಪದಲ್ಲಿ ಬಂದಿತು.

ಪರಕಾಯಪ್ರವೇಶದ ವಿದ್ಯೆಯನ್ನು ನಮ್ಮ ಪುರಾಣಗಳು ಕೊಂಡಾಡಿವೆ, ಅದಿಲ್ಲದೆ ಕಾದಂಬರಿಯೇ ಇಲ್ಲ. ಆದುದರಿಂದ ಬಿಳಿಯನು ಕಪ್ಪು ಮನುಷ್ಯನ ದೇಹವನ್ನು ಹೊಕ್ಕುದೇ ತಪ್ಪೆಂದು ಹೇಳುವವರ ಪಕ್ಷವನ್ನು ನಾನು ಹಿಡಿಯಲಾರೆ. ಆ ಹತ್ತು ಮಂದಿಯ ಆಕ್ಷೇಪದಲ್ಲಿ ಬೆಲೆಯುಳ್ಳ ಭಾಗ ಬೇರೆಯದು. ಸೆರೆಮನೆಯಲ್ಲಿ ವಕೀಲನೊಬ್ಬನು ಬರೆದುಕೊಂಡ ಹೇಳಿಕೆಯಲ್ಲಿ ನ್ಯಾಟನು ತನ್ನ ತಂದೆತಾಯಿಗಳನ್ನೂ ಅಜ್ಜಿಯನ್ನೂ ನೆನೆಯುತ್ತಾನೆ. ತಾನೊಂದು ಮಹತ್ಕಾರ್ಯಕ್ಕಾಗಿ ಹುಟ್ಟಿದವನೆಂಬ ನಂಬಿಕೆಯನ್ನು ಅವನಲ್ಲಿ ಬಿತ್ತಿದವರು ಅವರು. ಅವನಿಗೆ ಹೆಂಡತಿಯಿದ್ದಳೆಂಬ ಪ್ರತೀತಿಯೂ ಹಳೆಯದು. ಕಾದಂಬರಿಯ ನ್ಯಾಟನಾದರೋ ಹೆಂಡತಿಯಿಲ್ಲದವನು, ಅಕ್ಷರಕ್ಕಾಗಿ ಒಡೆಯರ ಮನೆಗೆ ಋಣಿಯಾದವನು, ತಾನೇ ಕೊಂದ ಬಿಳಿಯ ತರುಣಿಯೊಬ್ಬಳ ಮೇಲಣ ಆಸೆಯಿಂದ ಬೆಂದವನು. ಅಂದರೆ ಲೇಖಕನು ಪರಕಾಯವನ್ನು ಹೊಕ್ಕನು ನಿಜ, ಆದರೆ ಅಲ್ಲಿದ್ದ ತಾಯಿತಂದೆಗಳನ್ನೂ ಮನೆಯನ್ನೂ ಪಕ್ಕಕ್ಕೆ ಸರಿಸಿ, ತನ್ನ ಮನೆಯಲ್ಲಿ ಬೆಳೆದ ಕಲ್ಪನೆಗಳನ್ನು ಅಲ್ಲಿ ಇಟ್ಟನು. ಈ ಮಾತನ್ನು ಸ್ಟೈರನ್ ಒಪ್ಪಲಿಲ್ಲ. ಇಪ್ಪತ್ತೈದು ವರ್ಷಗಳ ಅನಂತರ, 1992ರಲ್ಲಿ, ಆ ಕೃತಿಯನ್ನು ಕುರಿತು ದೀರ್ಘವಾಗಿ ಬರೆದಾಗಲೂ ಅವನು ತನ್ನ ನೆಲೆಯಿಂದ ಕದಲಲಿಲ್ಲ. ಅವನದು ದೊಡ್ಡ ಪ್ರತಿಭೆ; ಆ ಗಾಯದ ಬಿಸುಪು ಅವನ ಗದ್ಯದಲ್ಲಿ ಕಡೆಯವರೆಗೂ ಆರಲಿಲ್ಲ. ಆದರೂ, ತನ್ನ ಕೃತಿಯ ಅತ್ಯಂತ ಎಚ್ಚರದ ಓದುಗರು ತನಗೆ ಹಗೆಗಳೆಂದು ಭಾವಿಸಿಬಿಟ್ಟ ಲೇಖಕನು ತನಗೇ ಒಂದು ನಷ್ಟವನ್ನು ತಂದುಕೊಂಡನೆಂದು ನನಗೆ ತೋರುತ್ತದೆ.

ಇಷ್ಟು ಕೇಳುವಾಗ ತಮ್ಮ ಮನಸ್ಸು 'ಚೋಮನ ದುಡಿ'ಯತ್ತ ಹರಿದಿರಬೇಕು. 1933ರಲ್ಲಿ, ಯಾವ ಕರೆಯೂ ಇಲ್ಲದಿದ್ದಾಗ, ಉಳಲು ತುಂಡು ನೆಲವನ್ನು ಬಯಸಿದ ಹೊಲೆಯನೊಬ್ಬನನ್ನು ನಾಯಕನಾಗಿಸಿದ ಕಾರಂತರ ಧೈರ್ಯವನ್ನು ಕಡಿಮೆಯೆಂದು ಎಣಿಸುವವನು ನಾನಲ್ಲ. ಆದರೆ 1979ರ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿಯಿಲ್ಲವೆಂದಾಗ ಎದ್ದ ಬಂಡಾಯದ ದನಿಯು ಕೇಳಿದ್ದು ಚೋಮನಿಗೆ ಕನಿಕರವನ್ನಲ್ಲ. ಚೋಮನ ಮಕ್ಕಳು ತಾವೇ ದುಡಿಯನ್ನು ಬಾರಿಸಲು ಎಡೆಯನ್ನು. ಆ ಎಡೆ ದೊರೆತಾಗ ಬಂದುದೇನೆಂಬುದಕ್ಕೆ ದೇವನೂರ ಮಹಾದೇವರ 'ಕುಸುಮಬಾಲೆ' ಸಾಕ್ಷಿ: ಅಲ್ಲಿ ಹೊಸ ಪಾತ್ರಗಳಷ್ಟೇ ಬರಲಿಲ್ಲ, ಕನ್ನಡ ಗದ್ಯದ ನಡೆಯೇ ಬೇರೆಯಾಯಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಕಾಸರಗೋಡಿನ ಮುಸ್ಲಿಂ ಮನೆಗಳ ಒಳಗೋಣೆಯು ಕನ್ನಡ ಕಾದಂಬರಿಯ ಒಳಗೋಣೆಯೂ ಆಯಿತು. ಇದು ತಾವೆಲ್ಲ ಬಲ್ಲ ಕಥೆ. ನಾನು ನನ್ನ ವಿಷಯಕ್ಕೆ ಮರಳುತ್ತೇನೆ.

ಲೇಖಕರು ಕರೆಗೆ ಓಗೊಟ್ಟರೂ ದಾರಿಯಲ್ಲಿ ಪ್ರಕಾಶಕರೆಂಬವರಿದ್ದಾರೆ. ಹಾರ್ಲೆಮ್ಮಿನಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಡಿಲೇನಿ ತನ್ನ 'ನೋವಾ' ಎಂಬ ವೈಜ್ಞಾನಿಕ ಕಾದಂಬರಿಯನ್ನು, ಸೆನೆಗಲ್ ದೇಶದ ತಾಯಿಗೂ ನಾರ್ವೆಯ ತಂದೆಗೂ ಹುಟ್ಟಿದ ನಾಯಕನನ್ನು ಮುಂದಿಟ್ಟುಕೊಂಡು ಬರೆದು, 'ಅನಲಾಗ್' ಪತ್ರಿಕೆಗೆ ಕಳುಹಿಸಿದನು. ಸಂಪಾದಕ ಜಾನ್ ಕ್ಯಾಂಪ್‌ಬೆಲ್, ಕಾದಂಬರಿ ತನಗೆ ಒಪ್ಪಿಗೆಯೆಂದೂ ತನ್ನ ಓದುಗರು ಮಾತ್ರ ಕಪ್ಪು ನಾಯಕನನ್ನು ತಮ್ಮವನೆಂದು ಕಾಣಲಾರರೆಂದೂ ದೂರವಾಣಿಯಲ್ಲಿ ಹೇಳಿ ಅದನ್ನು ನಿರಾಕರಿಸಿದ ಸಂಗತಿಯನ್ನು ಡಿಲೇನಿ 1998ರ ಪ್ರಬಂಧವೊಂದರಲ್ಲಿ ದಾಖಲಿಸಿದ್ದಾನೆ. ನಕ್ಷತ್ರಾಂತರಗಳನ್ನು ದಾಟಬಲ್ಲ ಓದುಗರು ಹಾರ್ಲೆಮ್ಮಿನ ಬೀದಿಯನ್ನು ದಾಟಲಾರರೆಂದು ತೀರ್ಮಾನಿಸಿದವನು ಸಂಪಾದಕನೇ ಹೊರತು ಓದುಗರಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಆಕ್ಟೇವಿಯಾ ಬಟ್ಲರ್ ಇದಕ್ಕಿಂತ ಎಳೆಯ ವಯಸ್ಸಿನಲ್ಲಿಯೇ ಆ ತರ್ಕವನ್ನು ಕೇಳಿದ್ದಳು. 1980ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆಕೆ ನೆನೆಯುವಂತೆ, ಕಾಲೇಜಿನ ಮೊದಲ ವರ್ಷ ಕಥಾರಚನೆಯ ತರಗತಿಯಲ್ಲಿ ವೃದ್ಧ ಅಧ್ಯಾಪಕರೊಬ್ಬರು, ಪಾತ್ರದ ಕಪ್ಪುತನವು ಕಥಾವಸ್ತುವಿಗೆ ಅನಿವಾರ್ಯವಾದ ಹೊರತು ಕಪ್ಪು ಪಾತ್ರಗಳನ್ನು ತರಬಾರದು, ತಂದರೆ ಕಥೆಯ ಲಕ್ಷ್ಯವೇ ಬೇರೆ ಕಡೆಗೆ ಹೋಗುತ್ತದೆ ಎಂದು ವಿದ್ಯಾರ್ಥಿಯೊಬ್ಬನಿಗೆ ಉಪದೇಶಿಸಿದರಂತೆ. ಈ ಉಪದೇಶವನ್ನು ನಾನು ಹಲವು ಬಾರಿ ಮೆಲುಕು ಹಾಕಿದ್ದೇನೆ. ಔಚಿತ್ಯವೆಂಬ ಉತ್ತಮ ಹೆಸರಿನಲ್ಲಿ ಬರುವುದರಿಂದಲೇ ಅದು ಅಪಾಯಕರ. ಬಿಳಿಯ ಪಾತ್ರವನ್ನು ತರುವಾಗ ಅದರ ಬಿಳಿತನವು ಕಥೆಗೆ ಅನಿವಾರ್ಯವೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಕೆಲವರು ಇದ್ದೇ ಇರುವವರು, ಉಳಿದವರು ಕಾರಣ ತೋರಿಸಿ ಒಳಗೆ ಬರತಕ್ಕವರು ಎಂಬ ವ್ಯವಸ್ಥೆ ಅದರ ಹಿಂದೆ ಅಡಗಿದೆ. ಕಪ್ಪು ಪಾತ್ರದ ಬದಲಿಗೆ ಅನ್ಯಗ್ರಹದ ಜೀವಿಯನ್ನು ತಂದರೂ ಅದೇ ಅರ್ಥ ಹೊಮ್ಮುತ್ತದಲ್ಲ ಎಂದು ವಾದಿಸಿದವರನ್ನೂ ಬಟ್ಲರ್ ಅದೇ ಬರಹದಲ್ಲಿ ನಿಲ್ಲಿಸಿ ಕೇಳುತ್ತಾಳೆ.

ಆದರೆ ಆಕೆಯ ನಿಜವಾದ ಉತ್ತರ ಅದಕ್ಕೆ ಹಿಂದಿನ ವರ್ಷವೇ ಬಂದಿತ್ತು: 1979ರ 'ಕಿಂಡ್ರೆಡ್'. ಬಟ್ಲರಳ ತಾಯಿ ಪ್ಯಾಸಡೀನಾದಲ್ಲಿ ಮನೆಗೆಲಸ ಮಾಡುತ್ತಿದ್ದವಳು. ತಾಯಿಯು ಹಿತ್ತಿಲ ಬಾಗಿಲಿನಿಂದ ಒಳಹೋಗುವುದನ್ನೂ, ಆಕೆ ಅಲ್ಲಿಯೇ ಇರುವಾಗಲೇ ಆಕೆಯನ್ನು ಕುರಿತು ಮನೆಯವರು ಆಡುವ ಮಾತುಗಳನ್ನೂ ಮಗಳು ನೋಡಿ ಕೇಳಿ ಬೆಳೆದಳು. ಕಾಲೇಜಿಗೆ ಬಂದಾಗ, ಇಷ್ಟುಕಾಲ ತಲೆಬಾಗಿ ಬದುಕಿದ ಹಿರಿಯರೇ ನಮ್ಮ ಏಳಿಗೆಗೆ ಅಡ್ಡಿಯೆಂದು ಸಿಟ್ಟಾಗುತ್ತಿದ್ದ ಕಪ್ಪು ತರುಣನೊಬ್ಬನು ಸಿಕ್ಕಿದನು. ಅವನಿಗೆ ವಾದದಿಂದ ತಿಳಿಹೇಳಲಾಗದೆಂದು ಆಕೆಗೆ ಹೊಳೆಯಿತು. 1976ರ ಕ್ಯಾಲಿಫೋರ್ನಿಯಾದಲ್ಲಿ ಬಾಳುವ ಕಪ್ಪು ಲೇಖಕಿಯೊಬ್ಬಳನ್ನು ಕಾಲವು ಎಳೆದೊಯ್ದು ಹತ್ತೊಂಬತ್ತನೆಯ ಶತಮಾನದ ಮೇರಿಲ್ಯಾಂಡಿನ ತೋಟವೊಂದರಲ್ಲಿ ಗುಲಾಮಳಾಗಿ ನಿಲ್ಲಿಸುವ ಕಥೆ ಹಾಗೆ ಹುಟ್ಟಿತು. ತಲೆ ಬಾಗಿಸದವರು ಅಲ್ಲಿ ಎಷ್ಟು ದಿನ ಉಳಿದಾರೆಂಬುದನ್ನು ಓದುಗನು ಆ ಹೆಣ್ಣಿನ ಬೆನ್ನಿನ ಮೇಲಣ ಬಾರುಕೋಲಿನಿಂದಲೇ ಕಲಿಯುತ್ತಾನೆ. ಇದನ್ನು ಬರೆಯುವುದಕ್ಕಾಗಿ ಬಟ್ಲರ್ ಬಸ್ಸು ಹಿಡಿದು ದೇಶದ ಆ ತುದಿಯ ಮೇರಿಲ್ಯಾಂಡಿಗೆ ಹೋದಳು. ಗುಲಾಮರು ದುಡಿದ ತೋಟವೊಂದನ್ನು ಕಣ್ಣಾರೆ ನೋಡಲೆಂದು ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆಗೂ ಹೋದಳು. ಅಲ್ಲಿ ಸುತ್ತಾಡಿಸಿ ವಿವರಿಸುತ್ತಿದ್ದವರು ಆಗ ಗುಲಾಮರೆಂಬ ಮಾತನ್ನೇ ಎತ್ತದೆ ಸೇವಕರೆಂದು ಹೇಳುತ್ತಿದ್ದರಂತೆ. ಕಾದಂಬರಿಕಾರ್ತಿಗೆ ಆ ಮರೆಯೂ ಒಂದು ಸಾಮಗ್ರಿಯೇ ಆಯಿತು. ಸ್ಟೈರನ್ನನ ಕೃತಿಯಲ್ಲಿ ಕಾಣದೆಹೋದ ಕುಟುಂಬವು, ಅಡುಗೆಮನೆಯ ಹರಟೆಯೂ ಒಬ್ಬರನ್ನೊಬ್ಬರು ಕಾಯುವ ಬಗೆಯೂ ಸೇರಿದಂತೆ, ಇಲ್ಲಿ ತುಂಬಿಕೊಂಡಿದೆ. ಇಷ್ಟಾದ ಮೇಲೂ 1987ರಲ್ಲಿ ಆಕೆಯ 'ಡಾನ್' ಎಂಬ ಕಾದಂಬರಿ ಪ್ರಕಟವಾದಾಗ, ಒಳಗೆ ಕಪ್ಪು ಹೆಣ್ಣಾಗಿದ್ದ ನಾಯಿಕೆಯು ಹೊದಿಕೆಯ ಚಿತ್ರದಲ್ಲಿ ಬಿಳಿಯ ಹೆಣ್ಣಾಗಿದ್ದಳು.

ಇನ್ನು ಅರ್ಸುಲಾ ಲೆ ಗ್ವಿನ್. ನಾನು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಮುಖ್ಯವಾಗಿ ಈಕೆಯೇ ಕಾರಣ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರರ ಮಗಳಾಗಿ 1929ರಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿದ ಈಕೆ, ಅನ್ಯಜನರ ನಡೆನುಡಿಗಳ ಚರ್ಚೆಯನ್ನು ಮನೆಯ ಊಟದ ಮೇಜಿನಲ್ಲಿಯೇ ಕೇಳಿರಬೇಕು. 1968ರ 'ಎ ವಿಜರ್ಡ್ ಆಫ್ ಅರ್ತ್‌ಸೀ' ಎಂಬ ಅದ್ಭುತ ಕಥೆಯಲ್ಲಿ ಈಕೆ ಬಿಳಿಯ ನಾಯಕರ ಸಂಪ್ರದಾಯವನ್ನು ಸದ್ದಿಲ್ಲದೆ ತಿರುಗಿಸಿದಳು: ಮಂತ್ರವಾದಿ ಗೆಡ್ ತಾಮ್ರಗೆಂಪಿನ ಮೈಯವನು, ಅವನ ಪ್ರಾಣಸ್ನೇಹಿತ ಕಪ್ಪನೆಯವನು, ದೋಣಿಯೇರಿ ದಂಡೆತ್ತಿ ಬರುವ ಕ್ರೂರಿಗಳೇ ಬಿಳಿಯರು. ಈ ಸಂಗತಿಯನ್ನು ಮೊದಲ ಪುಟದಲ್ಲಿ ಸಾರದೆ, ಓದುಗನು ಗೆಡ್‌ನೊಂದಿಗೆ ಕಲೆತುಹೋದ ಮೇಲೆ ಮಾತಿನ ನಡುವೆ ತಿಳಿಸಿದಳು. ಬಿಳಿಯ ಬಾಲಕನು ತನ್ನ ನಾಯಕನ ಬಣ್ಣವನ್ನು ಅರಿಯುವ ಹೊತ್ತಿಗೆ ಆ ಮೈಯೊಳಗೆ ನೆಲಸಿಬಿಟ್ಟಿರುತ್ತಾನೆ. 2004ರಲ್ಲಿ ದೂರದರ್ಶನ ವಾಹಿನಿಯೊಂದು ಆ ಕಥೆಯನ್ನು ಚಿತ್ರಿಸುವಾಗ ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿದಾಗ, ಎಪ್ಪತ್ತೈದರ ವಯಸ್ಸಿನ ಲೇಖಕಿ ಮುಚ್ಚುಮರೆಯಿಲ್ಲದೆ ತನ್ನ ಸಿಟ್ಟನ್ನು ಬರೆದು ಪ್ರಕಟಿಸಿದಳು.

ಹೀಗೆ ಬಣ್ಣದ ವಿಷಯದಲ್ಲಿ ಕಾಲಕ್ಕಿಂತ ಮುಂದಿದ್ದವಳು ಹೆಣ್ಣಿನ ವಿಷಯದಲ್ಲಿ ಹಿಂದುಳಿದಿದ್ದಳೆಂಬುದೇ ನನ್ನ ಗಮನವನ್ನು ಸೆಳೆದ ಅಂಶ. 1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿಯ ಜನ ಸ್ಥಿರವಾದ ಲಿಂಗಭೇದವಿಲ್ಲದವರು, ಇಂದು ತಂದೆಯಾದವನು ಮುಂದೊಮ್ಮೆ ತಾಯಿಯಾಗಬಲ್ಲವನು. ಆದರೂ ಅವರೆಲ್ಲರನ್ನೂ ಲೇಖಕಿ ಪುಲ್ಲಿಂಗದ ಸರ್ವನಾಮದಿಂದಲೇ ಕರೆದಳು. ಜೊವಾನಾ ರಸ್ ಮೊದಲಾದವರು ಇದನ್ನು ಎತ್ತಿ ಆಡಿದರು. 1976ರ ಪ್ರಬಂಧವೊಂದರಲ್ಲಿ ಲೆ ಗ್ವಿನ್ ತನ್ನ ಪ್ರಯೋಗವನ್ನು ಸಮರ್ಥಿಸಿಕೊಂಡಳು. ಸ್ಟೈರನ್ನನಂತೆ ಅಲ್ಲಿಗೇ ನಿಲ್ಲಬಹುದಾಗಿತ್ತು. ಹತ್ತು ವರ್ಷಗಳಷ್ಟು ಕಾಲ ಆ ಮಾತುಗಳು ಮನಸ್ಸಿನಲ್ಲಿ ಕೆಲಸ ಮಾಡಿದ ಮೇಲೆ, 1987ರಲ್ಲಿ, ಅದೇ ಪ್ರಬಂಧವನ್ನು ಮರಳಿ ಕೈಗೆತ್ತಿಕೊಂಡು, ಹಳೆಯ ವಾಕ್ಯಗಳಲ್ಲಿ ಒಂದನ್ನೂ ಅಳಿಸದೆ, ಅವುಗಳ ಬದಿಯಲ್ಲಿಯೇ ತನ್ನ ಹೊಸ ಅಭಿಪ್ರಾಯಗಳನ್ನು ಬೇರೆ ಅಚ್ಚಿನಲ್ಲಿ ಸೇರಿಸಿದಳು. ಆತ್ಮರಕ್ಷಣೆಗೆ ಆಡಿದ ಮಾತುಗಳನ್ನು ಅಲ್ಲಲ್ಲಿಯೇ ಆತ್ಮರಕ್ಷಣೆಯೆಂದು ಗುರುತಿಸಿದಳು. ನಮ್ಮ ಹಸ್ತಪ್ರತಿಗಳಲ್ಲಿ ಮೂಲವನ್ನು ಉಳಿಸಿಕೊಂಡು ಬದಿಯಲ್ಲಿ ಟಿಪ್ಪಣ ಬರೆಯುವ ಪದ್ಧತಿಯಿತ್ತಷ್ಟೆ. ಮೂಲಕರ್ತನೇ ತನ್ನ ಮೂಲಕ್ಕೆ ಹೀಗೆ ಪ್ರತಿಕೂಲವಾದ ವ್ಯಾಖ್ಯಾನವನ್ನು ಬರೆದುದು ಅಪೂರ್ವ. 1994ರ ಆವೃತ್ತಿಗೆ ಬೇರೆ ಬೇರೆ ಸರ್ವನಾಮಗಳಿಂದ ಮರಳಿ ಬರೆದ ಭಾಗಗಳನ್ನೂ ಅನುಬಂಧವಾಗಿ ಜೋಡಿಸಿದಳು.

ಅರ್ತ್‌ಸೀಯಲ್ಲಿ ಈ ಕೆಲಸ ಇನ್ನೂ ಆಳಕ್ಕೆ ಹೋಯಿತು. ಮೊದಲ ಪುಸ್ತಕದಲ್ಲಿ ರೋಕ್ ದ್ವೀಪದ ಮಂತ್ರವಿದ್ಯಾಲಯಕ್ಕೆ ಗಂಡಸರಿಗಷ್ಟೇ ಪ್ರವೇಶ. ಹೆಣ್ಣಿನ ಮಂತ್ರವು ದುರ್ಬಲ, ಕೇಡಿನದು ಎಂಬ ಗಾದೆಗಳು ಆ ಲೋಕದಲ್ಲಿ ಬಳಕೆಯಲ್ಲಿವೆ. 1972ಕ್ಕೆ ಮೂರು ಭಾಗಗಳಲ್ಲಿ ಮುಗಿಯಿತೆಂದುಕೊಂಡಿದ್ದ ಕಥೆಗೆ 1990ರಲ್ಲಿ 'ಟೆಹಾನು' ಎಂಬ ನಾಲ್ಕನೆಯದು ಬಂದಿತು. ಅಲ್ಲಿ ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ಊರಿಗೆ ಮರಳಿದವನು. ಕಥೆಯು ನಿಂತಿರುವುದು ನಡುವಯಸ್ಸಿನ ರೈತವಿಧವೆಯೊಬ್ಬಳ ಕಣ್ಣಿನಲ್ಲಿ. ಆಕೆ ಸಾಕಿಕೊಂಡಿರುವುದು ಬೆಂಕಿಗೆ ನೂಕಲ್ಪಟ್ಟು ಅರ್ಧಮುಖವನ್ನೂ ಒಂದು ಕಣ್ಣನ್ನೂ ಕಳೆದುಕೊಂಡ ಹೆಣ್ಣುಮಗುವನ್ನು. ಆಡಿನ ಹಾಲು ಕರೆಯುವುದು, ಪಾತ್ರೆ ತೊಳೆಯುವುದು, ರಾತ್ರಿ ಬಾಗಿಲಿಗೆ ಅಗುಳಿ ಹಾಕಿಕೊಂಡು ಹೊರಗಿನ ಹೆಜ್ಜೆಸಪ್ಪಳಕ್ಕೆ ಕಿವಿಗೊಡುವುದು, ಇವೇ ಅಲ್ಲಿಯ ಸಾಹಸಗಳು. ತಾವು ಪ್ರೀತಿಸಿದ ಲೋಕವನ್ನು ಲೇಖಕಿ ಕೆಡಿಸಿದಳೆಂದು ಮೊರೆಯಿಟ್ಟ ಓದುಗರೂ ಇದ್ದರು. ಆಕೆ ಅವರನ್ನು ಹಳಿಯಲೂ ಇಲ್ಲ, ಅವರಿಗಾಗಿ ಹಿಂದೆ ಸರಿಯಲೂ ಇಲ್ಲ. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸವೊಂದರಲ್ಲಿ, ತಾನು ಅರಿಯದೆಯೇ ಗಂಡಸಿನ ಕಣ್ಣಿನಿಂದ ಆ ಲೋಕವನ್ನು ಕಟ್ಟಿದ್ದ ಬಗೆಯನ್ನು ಬಿಡಿಸಿ ಹೇಳಿದಳು.

2001ರಲ್ಲಿ 'ಟೇಲ್ಸ್ ಫ್ರಮ್ ಅರ್ತ್‌ಸೀ' ಎಂಬ ಸಂಕಲನವನ್ನು ಹೊರತರುವಾಗ ಲೆ ಗ್ವಿನ್ ಎಪ್ಪತ್ತು ದಾಟಿದ್ದಳು. ಅದರ ಮೊದಲ ನೀಳ್ಗತೆ, ಗೆಡ್ ಹುಟ್ಟುವುದಕ್ಕೆ ಶತಮಾನಗಳ ಹಿಂದೆ ನಡೆದುದು. ಸುಲಿಗೆಗಾರ ಅರಸರ ಕಾಲದಲ್ಲಿ, ತಲೆಮರೆಸಿಕೊಂಡ ಸಾಮಾನ್ಯ ಜನರ ಗುಪ್ತಕೂಟವೊಂದು ರೋಕ್ ದ್ವೀಪದಲ್ಲಿ ವಿದ್ಯಾಲಯವನ್ನು ಕಟ್ಟುತ್ತದೆ. ಆ ಕೂಟದ ಬೆನ್ನೆಲುಬಾಗಿದ್ದವರು ಹೆಂಗಸರು, ಅಲ್ಲಿ ಮೊದಲು ಕಲಿಸಿದವರಲ್ಲಿಯೂ ಹೆಂಗಸರಿದ್ದರು, ಅವರನ್ನು ಹೊರಗಿಟ್ಟುದು ಎಷ್ಟೋ ಕಾಲದ ಮೇಲೆ ಬಂದ ಗಂಡಸರು. ಮೂವತ್ತಮೂರು ವರ್ಷಗಳ ಹಿಂದೆ ತಾನು ಬರೆದ ಒಂದಕ್ಷರವನ್ನೂ ಆಕೆ ತಿದ್ದಲಿಲ್ಲ. 1968ರ ಪುಸ್ತಕವು ಆ ಗಂಡಸರು ಹೇಳಿಕೊಂಡು ಬಂದ ಚರಿತ್ರೆಯೆಂದು ಈಗ ಓದಿಸಿಕೊಳ್ಳುತ್ತದೆ, ಮತ್ತು ರೋಕಿನ ವಿದ್ಯಾಲಯದ ಸ್ಥಾಪಕರ ಸಾಲಿನಲ್ಲಿ ಎಂಬರ್, ವೇಲ್ ಎಂಬ ಹೆಂಗಸರ ಹೆಸರುಗಳಿವೆ.